ಐದನೇ ಆಯಾಮದ ತೊಟ್ಟಿಲ ಗೊಂಚಲು

ಶಹಾಪುರದ ಹೈಸ್ಕೂಲಿನಲ್ಲಿ ಹದಿನೆಂಟು ವರ್ಷ ಗಣಿತ ಹೇಳಿದವನಿಗೆ ತೊಟ್ಟಿಲಿಗೊಂದು ಆಟಿಕೆ ಕಟ್ಟುವುದು ದೊಡ್ಡ ಮಾತೇ? ತಂಗಿಯ ಚೊಚ್ಚಲ ಕೂಸಿಗೆ ಹೆಸರಿಡುವ ಕಾರ್ಯ ನಮ್ಮ ಮನೆಯಲ್ಲಿತ್ತು. ತೊಟ್ಟಿಲ ಮೇಲೆ ತೂಗುವ ಗೊಂಚಲು ಸೋದರಮಾವನ ಪಾಲಿನದು. ಯಾದಗಿರಿ ಪೇಟೆಯಲ್ಲಿ ಪ್ಲಾಸ್ಟಿಕ್ ಗಿಳಿಗಳ ಗೊಂಚಲು ಸಿಗುತ್ತದೆ. ಗಣಿತದ ಮಾಸ್ತರ ಗಿಳಿ ತರುವುದೇ? ಛೇ!

ಸುರಪುರದ ಬೀಗರಿಗೆ ಫೋನಿನಲ್ಲೇ ಘೋಷಿಸಿದೆ. "ಒಂಬತ್ತು ತಿಂಗಳು ಹೊತ್ತದ್ದಕ್ಕ ಒಂಬತ್ತು ಆಕಾರ ತೂಗಹಾಕ್ತೀನ್ರಿ. ಎಲ್ಲಾ ಮುಖ ಸಮ, ಎಲ್ಲಾ ಮೂಲಿ ಸಮ. ಅದೂ ಐದನೇ ಆಯಾಮದ್ದು!"

ಐದನೇ ಆಯಾಮದ ವಸ್ತು ಕೈಗೆ ಸಿಗದು, ನಿಜ. ಅದರ ನೆರಳನ್ನು ತಂತಿಯಲ್ಲಿ ಬಗ್ಗಿಸಬಹುದು. ನಮ್ಮ ಮೂರು ಆಯಾಮದಲ್ಲಿ ಇಂಥ ಆಕಾರಗಳು ಐದು, ನಾಲ್ಕರಲ್ಲಿ ಆರು. ಐದರಲ್ಲಿ ಒಂಬತ್ತಾದರೂ ಇರಲೇಬೇಕು. ಮೇಲೆ ಹೋದಷ್ಟೂ ಜಾಗ ಜಾಸ್ತಿಯಲ್ಲವೇ!

"ಅಣ್ಣಾ, ಅತ್ತಿ ಓಣಿ ತುಂಬ ಹೇಳ್ಕೊಂಡು ಬಂದಾಳ," ಎಂದಳು ತಂಗಿ. "ಒಂಬತ್ತಂದ್ರ ಒಂಬತ್ತ ಆಗಬೇಕು. ನನ್ನ ಮಾನ ನಿನ್ನ ಕೈಯಾಗ ಅದ."

ಪೆನ್ಸಿಲ್ ಹಿಡಿದು ಕೂತೆ. ಮೂರು ಬಂದವು. ಎರಡು ದಿನ ರಜೆ ಹಾಕಿದೆ. ನಾಲ್ಕನೆಯದು ಬರಲಿಲ್ಲ! ಹೊಸದೊಂದನ್ನು ಹುಟ್ಟಿಸೋಣವೆಂದು ಅವ್ವ ಕೌದಿಗೆ, ಅಂದರೆ ಹೊದಿಕೆಗೆ, ಎತ್ತಿಟ್ಟ ಬಟ್ಟೆಯಲ್ಲಿ ಆರು ಮೂಲೆಯ ತುಂಡುಗಳನ್ನು ಕತ್ತರಿಸಿ, ಚೆಂಡಾಗಲೆಂದು ಹೊಲಿದೆ. ಅದು ನೆಲದ ಮೇಲೆ ಅಂಗಾತ ಮಲಗಿತು.

ಅವ್ವ ಬಂದು ನೋಡಿದಳು. "ತಮ್ಮಾ, ಮೂರು ತುಂಡು ಕೂಡಿದಲ್ಲಿ ಸಂದು ಎಲ್ಲಿ ಬಿಟ್ಟೀ? ಸಂದು ಇದ್ರ ಜಗ್ಗಿ ಹೊಲಿಬಹುದು, ಆಗ ಅರಿವಿ ಮ್ಯಾಲ ಏಳತದ. ನಿಂದು ಕೌದಿ ಆಗ್ಯಾದ!"

ಪದವಿಯಲ್ಲಿ ಹೊಳೆಯದ್ದು ಅವ್ವನ ಸೂಜಿಯಲ್ಲಿ ಹೊಳೆಯಿತು. ಕನಿಷ್ಠ ಮೂರು ತುಂಡು ಕೂಡಬೇಕು, ಕೂಡಿದ ಮೇಲೂ ಸಂದು ಉಳಿಯಬೇಕು. ಆಯಾಮ ಏರಿದಂತೆ ತುಂಡುಗಳ ಕೋನ ದಪ್ಪವಾಗುತ್ತ ಹೋಗುತ್ತದೆ. ಟಂಟಂ ಆಟೋದ ಸೀಟಿನಲ್ಲಿ ಮೂವರು ದಢೂತಿಗಳನ್ನು ಕೂರಿಸಿದ ಹಾಗೆ! ಐದನೆಯದಕ್ಕೆ ತುಂಡಾಗಬೇಕಾದ ನಾಲ್ಕನೇ ಆಯಾಮದ ಚೆಂದದ ಆಕಾರಗಳೆಲ್ಲ ಜಾಗ ಸಾಲದೆ ಅಲ್ಲೇ ಇಳಿದುಬಿಡುತ್ತವೆ. ಐದರಲ್ಲಿ ಮೂರೇ, ಆರರಲ್ಲಿ ಮೂರೇ, ನೂರರಲ್ಲೂ ಮೂರೇ.

ಕಾರ್ಯದ ದಿನ ಮೂರನ್ನೇ ತೂಗಹಾಕಿದೆ. ತಂಗಿಯ ಅತ್ತೆ ಬಗ್ಗಿ ನೋಡಿದರು.

"ಇದೇನ್ರಿ, ಇಲಿ ಬೋನ?"

"ಐದನೇ ಆಯಾಮದ ಘನದ ನೆರಳ್ರಿ."

"ಉಳದ ಆರು?"

"ಇಲ್ರೀ. ಇಡೀ ಲೋಕದಾಗ ಇಲ್ಲ."

"ಕೊಡೂ ಮನಸಿಲ್ಲಂದ್ರ ಹಂಗ ಹೇಳ್ರಿ. ಲೋಕದ ಮ್ಯಾಲ ಯಾಕ ಹಾಕ್ತೀರಿ!"

ನಾನು ಬಿಡಲಿಲ್ಲ. ಸೀಮೆಸುಣ್ಣ ತಂದು ಗೋಡೆಯ ಮೇಲೆ ಮೂರೇ ಎಂಬುದರ ಸಾಧನೆ ಬರೆಯತೊಡಗಿದೆ. ಕೂಸು ಅಳತೊಡಗಿತು. ತಂಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅದನ್ನು ಕಂಡು ನಿಜಕ್ಕೂ ನಾಚಿಕೆಯಾಯಿತು.

ಚಹಾ ಕುಡಿಯುತ್ತಿದ್ದ ಬೀಗರು, ತಂಗಿಯ ಮಾವ, ಬಸಿ ಕೆಳಗಿಟ್ಟು, ಬಹಳ ಮರ್ಯಾದೆಯಿಂದ ಹೇಳಿದರು. "ಮಾಸ್ತರ್ರ, ಬ್ಯಾಸರ ಮಾಡ್ಕೋಬ್ಯಾಡ್ರಿ. ಕೂಸಿನ ಲೆಕ್ಕದ ಟ್ಯೂಷನ್ ಮಾತ್ರ ನಾವು ಬ್ಯಾರೆ ಕಡಿ ನೋಡ್ತೇವಿ."

ಕೂಸು ಹುಟ್ಟಿ ಅಂದಿಗೆ ಹದಿಮೂರು ದಿನ!