ವಾರ್ಡನ್ ಕೋಣೆಯ ಅತಿಥಿಗಳು

ಹಾಸ್ಟೆಲ್ ವಾರ್ಡನ್ ಕೌಸಲ್ಯ ಸೀರೆಯ ಮೂರನೆಯ ನೆರಿಗೆ ಹಿಡಿದಿದ್ದಾಗ ನಿಶಾತ್ ಒಳಗೆ ನುಗ್ಗಿದಳು. ಬಿ.ಎಸ್ಸಿ. ಎರಡನೇ ವರ್ಷದ ಹುಡುಗಿ, ಎದೆಗೆ ಚಪ್ಪಲಿ ಡಬ್ಬಿಯೊಂದನ್ನು ಅವಚಿಕೊಂಡಿದ್ದಳು.

"ಮೇಡಂ, ಒಂದೇ ಒಂದು ಗಂಟೆ ಇದನ್ನ ನಿಮ್ ರೂಮಲ್ಲಿಟ್ಕೊಳ್ಳಿ. ಪ್ಲೀಸ್."

ಡಬ್ಬಿಯೊಳಗೆ, ಬೆಣ್ಣೆಯುಂಡೆಗೆ ಕಣ್ಣು ಮೀಸೆ ಅಂಟಿಸಿದಂಥ ಪ್ರಾಣಿ.

"ಇಲೀನೇನೇ?"

"ಇಲಿ ಅನ್ಬೇಡಿ ಮೇಡಂ, ಬೇಜಾರು ಮಾಡ್ಕೊಳ್ತಾನೆ. ಹ್ಯಾಮ್‌ಸ್ಟರ್."

ನೆರಿಗೆ ಕೈಜಾರಿತು. ಹುಡುಗಿಯರು ಪ್ರಾಣಿ ಸಾಕಿದ್ದಾರೆಂಬ ದೂರು ಕೇಳಿ ಜಿಲ್ಲೆಯ ಹಾಸ್ಟೆಲುಗಳನ್ನು ನಡೆಸುವ ಸಂಘದ ಕಾರ್ಯದರ್ಶಿ ಜಯರಾಮಯ್ಯನವರು ಹನ್ನೊಂದಕ್ಕೆ ತಪಾಸಣೆಗೆ ಬರುವವರಿದ್ದರು. ತಪಾಸಣೆ ಸುಸೂತ್ರವಾದರೆ ಕುಣಿಗಲ್ಲಿನ ಹಾಸ್ಟೆಲಿಗೆ ವರ್ಗ ಕೇಳಬೇಕೆಂದು ಕೌಸಲ್ಯ ಅರ್ಜಿ ಬರೆದಿಟ್ಟಿದ್ದಳು. ಗಂಡ, ಮಗಳು ಇರುವುದು ಅಲ್ಲಿ. ತುಮಕೂರಿನಲ್ಲಿ ಎಂಬತ್ತು ಹುಡುಗಿಯರ ಹಣೆ ಮುಟ್ಟಿ ಜ್ವರ ನೋಡುವವಳು, ಸ್ವಂತ ಮಗಳ ಜ್ವರವನ್ನು ಫೋನಿನಲ್ಲಿ ಕೇಳಿ ತಿಳಿಯುತ್ತ ನಾಲ್ಕು ವರ್ಷವಾಗಿತ್ತು.

ವಾರ್ಡನ್ ಕೋಣೆಯ ಹೊಸಿಲನ್ನು ಮಾತ್ರ ಜಯರಾಮಯ್ಯನವರು ದಾಟುತ್ತಿರಲಿಲ್ಲ. "ಅದು ಹೆಣ್ಮಗಳ ಮನೆ ಇದ್ದಂಗೆ" ಎನ್ನುತ್ತಿದ್ದರು.

"ಸರಿ, ಇಡು. ಯಾರಿಗೂ ಹೇಳ್ಬೇಡ ಕಣೇ."

ನಿಶಾತ್ ಯಾರಿಗೂ ಹೇಳಲಿಲ್ಲ. ಹಾಸ್ಟೆಲಿನ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದಳು, ಅಷ್ಟೆ.

ಹತ್ತೂವರೆಗೆ ಕೌಸಲ್ಯಳ ಬಕೆಟ್ಟಿನಲ್ಲಿ ಆಮೆ, ಕಿಟಕಿಯಲ್ಲಿ ಎರಡು ಲವ್ ಬರ್ಡ್ಸ್, ಉಪ್ಪಿನಕಾಯಿ ಜಾಡಿಯಲ್ಲಿ ಮೀನು ಇದ್ದವು. ಕೊನೆಗೆ ಶ್ರೀವಾಣಿ ಎಂಬ ಹುಡುಗಿ ಬಂದು, "ಇವಳಿಗೆ ಕತ್ತಲೆ ಇದ್ರೇನೇ ಸಮಾಧಾನ ಮೇಡಂ" ಎಂದು ಬಿಳಿ ಮೊಲವೊಂದನ್ನು ಬೀರುವಿನಲ್ಲಿ, ರೇಷ್ಮೆ ಸೀರೆಗಳ ಮೇಲೆ ಕೂರಿಸಿದಳು.

ಅಡುಗೆಯ ಚೆನ್ನಮ್ಮ ಇಣುಕಿ ನೋಡಿ ಸೊಂಟಕ್ಕೆ ಕೈಯಿಟ್ಟಳು. "ಅದುಕ್ಕೇ ನನ್ ಕ್ಯಾರೆಟ್ಟು ಖಾಲಿಯಾಗೋದು! ಮುಖಕ್ಕೆ ಹಚ್ಕೋತೀವಿ ಅಂತ ದಿನಾ ಈಸ್ಕೊಂಡೋಗೋರು. ಇಷ್ಟು ಹಚ್ಚುದ್ರೂ ಮುಖ ಯಾಕ್ ಹಂಗೇ ಅದೆ ಅಂತ ನಾನೂ ಯೋಚ್ನೆ ಮಾಡ್ತಿದ್ದೆ."

ಜಯರಾಮಯ್ಯನವರು ಬಂದರು. ಮಂಚದಡಿ ಬಗ್ಗಿದರು, ಟ್ರಂಕು ತೆಗೆಸಿದರು, ದಿಂಬನ್ನೂ ಒತ್ತಿ ನೋಡಿದರು. ಒಂದು ಪುಕ್ಕವೂ ಸಿಗಲಿಲ್ಲ. ಖುಷಿಯಾಗಿ ವಾರ್ಡನ್ ಕೋಣೆಯ ಮುಚ್ಚಿದ ಬಾಗಿಲ ಮುಂದೆಯೇ ಕುರ್ಚಿ ಹಾಕಿಸಿಕೊಂಡು ಕಾಫಿಗೆ ಕೂತರು.

ಒಳಗಿನಿಂದ ಕಿಚಕಿಚ ಕೇಳಿಸಿತು.

"ನನ್ ರಿಂಗ್‌ಟೋನ್ ಸರ್" ಎಂದಳು ನಿಶಾತ್.

ಮರುಕ್ಷಣವೇ ಬೀರುವಿನ ಬಾಗಿಲು ಢಬ್ಬೆಂದಿತು. ಸ್ಟೀಲ್ ಲೋಟವೊಂದು ಉರುಳುತ್ತ ಹೋಯಿತು.

"ಒಳಗ್ಯಾರಮ್ಮ?"

ಕೌಸಲ್ಯಳ ಬಾಯಿಗೆ ಮೊದಲು ಬಂದದ್ದು ಅತ್ತೆ. "ನಮ್ಮತ್ತೆ ಸರ್. ಊರಿಂದ ಬಂದಿದ್ದಾರೆ."

"ಹೌದಾ? ಅವ್ರಿಗೂ ಕಾಫಿ ಕೊಡಮ್ಮ ಚೆನ್ನಮ್ಮ."

"ಅವ್ರು ಕಾಫಿ ಮುಟ್ಟಲ್ಲ ಸ್ವಾಮಿ" ಎಂದಳು ಚೆನ್ನಮ್ಮ. "ಬರೀ ಕ್ಯಾರೆಟ್ಟು."

"ಪಥ್ಯ ಸರ್" ಎಂದು ನಿಶಾತ್ ಸೇರಿಸಿದಳು.

ಜಯರಾಮಯ್ಯನವರು ಗೌರವದಿಂದ ತಲೆದೂಗಿದರು. ಇದೇ ಒಳ್ಳೆಯ ಗಳಿಗೆಯೆಂದು ಕೌಸಲ್ಯ ಅರ್ಜಿ ಮುಂದಿಟ್ಟಳು. ಅವರು ಓದಿ, ಮಡಿಸಿ, ಅವಳ ಕೈಗೇ ಕೊಟ್ಟರು.

"ಇಷ್ಟು ಶಿಸ್ತಿನ ಹಾಸ್ಟೆಲ್ ನಾನೆಲ್ಲೂ ನೋಡಿಲ್ಲಮ್ಮ. ನಿಮ್ಮಂಥೋರನ್ನ ಬಿಟ್ಕೊಡೋಕಾಗತ್ತಾ? ಇನ್ನು ಮೂರು ವರ್ಷ ಇಲ್ಲೇ ಇರಿ."

"ಮತ್ತೆ ಕುಣಿಗಲ್ಲಿಗೆ, ಸರ್?"

"ಅಲ್ಲಿಗೆ ಗುಬ್ಬಿ ತಾಲ್ಲೂಕಿನ ವಾರ್ಡನ್‌ನ ಹಾಕ್ದೆ. ನಿನ್ನೆ ಅವರ ಹಾಸ್ಟೆಲಲ್ಲಿ ಬೆಕ್ಕು ಸಿಕ್ತು. ಅಷ್ಟು ದೊಡ್ಡ ಹಾಸ್ಟೆಲ್ ಆಕೆ ಕೈಲಾಗಲ್ಲ. ಕುಣಿಗಲ್ಲಿಂದು ಚಿಕ್ಕದು, ಹೆಂಗೋ ನಡೆಯತ್ತೆ."

ಕಾರು ಗೇಟು ದಾಟಿದ್ದೇ ತಡ, ಹುಡುಗಿಯರು ಹೋ ಎಂದು ಕೋಣೆಗೆ ನುಗ್ಗಿದರು. ನಿಶಾತ್ ಕೌಸಲ್ಯಳ ಕೊರಳಿಗೇ ಜೋತುಬಿದ್ದಳು. "ನೀವಿಲ್ದಿದ್ರೆ ನಮ್ ಗತಿ ಏನ್ ಮೇಡಂ? ಮುಂದಿನ್ ಸಲಾನೂ ಇಲ್ಲೇ ಇಡ್ತೀವಿ, ಆಯ್ತಾ?"

"ಇಡ್ರೇ, ಅದಕ್ಕೇನಂತೆ" ಎಂದಳು ಕೌಸಲ್ಯ, ತೂತುಬಿದ್ದ ರೇಷ್ಮೆ ಸೀರೆ ಮಡಿಸುತ್ತ.

ಮುಂದಿನ ಸಲ ಜಯರಾಮಯ್ಯನವರು ಕಾಫಿಗೆ ಕೂತಾಗ ಈ ಬಾಗಿಲನ್ನು ಹಾಕಲು ಮರೆಯಬೇಕೆಂದು ಅವಳು ಆಗಲೇ ನಿಶ್ಚಯಿಸಿಯಾಗಿತ್ತು. ಯಾರಿಗೂ ಹೇಳಲಿಲ್ಲ.