ಖಂಡೆ ನವಮಿಯ ಪೆಡಲು

ಗುರಲಿಂಗಪ್ಪನಿಗೆ ಅವನ ಬಾಯಿಯೇ ವೈರಿ. "ಮುರುಕು ಪೆಡಲಿನ ಸೈಕಲ್ಲು ಪೂಜಾಕ ಇಡಾಕ ಬರಂಗಿಲ್ರಿ, ಅಂಗಡಿಗೆ ಒಯ್ರಿ" ಎಂದು ಹೆಂಡತಿ ಶರಣವ್ವ ಖಂಡೆ ನವಮಿಯ, ಅಂದರೆ ಆಯುಧ ಪೂಜೆಯ, ಮುಂಜಾನೆ ಹೇಳಿದಾಗ ಸುಮ್ಮನೆ ಹೂಂ ಅಂದಿದ್ದರೆ ಮುಗಿಯುತ್ತಿತ್ತು.

"ಒಂದು ಪೆಡಲಿಗೆ ಅಂಗಡಿ? ಎರಡು ಮಿನಿಟಿನ ಕೆಲಸ! ಹೊಸಾ ಪೆಡಲ್ ನಿನ್ನೆನ ತಂದು ಜ್ವಾಕಿ ಇಡು ಅಂತ ನಿನ್ನ ಕೈಯಾಗ ಕೊಟ್ಟಿಲ್ಲೇನು? ಸಂಜಿಗೆ ದೀಪಾ ಹಚ್ಚೂದ್ರೊಳಗ ಅದನ್ನ ಕೂಡಿಸದಿದ್ರ ಒಂದು ತಿಂಗಳ ರೊಟ್ಟಿ ನಾನ ಬಡೀತೀನಿ!"

ಆಂಟಾಪ್ ಹಿಲ್‌ನ ಆ ಬಿಲ್ಡಿಂಗಿನ ಮೂರೂ ಮಾಳಿಗೆಗೆ ಮಾತು ಕೇಳಿಸಿತು. ಕೆಳಗಿನ ಹೋಟೆಲಿನ ಚೆನ್ನಯ ಗಲ್ಲಾ ಬಿಟ್ಟು ಹೊರಗೆ ಬಂದ.

ಗುರಲಿಂಗಪ್ಪ ಹಳೇ ಲುಂಗಿ ಬಿಗಿದು ಬೋಲ್ಟು ಬಿಚ್ಚುವ ಪಾನಾ ಹುಡುಕಿದ. ಪೆಟ್ಟಿಗೆ ಖಾಲಿ! ಪಾನಾ, ಸುತ್ತಿಗೆ, ಕತ್ತರಿ ಎಲ್ಲಾ ಕುಂಕುಮ ಹಚ್ಚಿಕೊಂಡು, ಚೆಂಡು ಹೂವಿನ ರಾಶಿಯಲ್ಲಿ ದೇವರ ಮುಂದೆ ಮಲಗಿದ್ದವು.

"ಮುಟ್ಟೀರಿ ಮತ್ತ! ನಾಳಿ ಮುಂಜಾನಿತನಕಾ ಅವಕ್ಕ ಸೂಟಿ" ಎಂದಳು ಶರಣವ್ವ.

ಚೆನ್ನಯನನ್ನು ಕೇಳಿದರೆ ಅಲ್ಲೂ ಅದೇ ಕತೆ. "ನಮ್ಮದೂ ಪೂಜೆಗೆ ಇಟ್ಟಾಯ್ತು ಮಾರಾಯ್ರೆ. ಈ ಇಕ್ಕಳ ಒಂದು ಉಂಟು. ಪಾತ್ರೆ ಇಳಿಸ್ಲಿಕ್ಕೆ ಬೇಕಲ್ಲ, ಹಾಗೆ ಬಿಟ್ಟದ್ದು."

ಬಂತು ಮೊಳದುದ್ದದ ಇಕ್ಕಳ. ಇಬ್ಬರೂ ಸೇರಿ ಎಡಗಡೆಯ ಪೆಡಲಿನ ಬೋಲ್ಟು ಹಿಡಿದು ತಿರುವಿದರು. ಬೋಲ್ಟು ಜಪ್ಪಯ್ಯ ಅನ್ನಲಿಲ್ಲ. ಕೊಬ್ಬರಿ ಎಣ್ಣೆ ಬಿಟ್ಟರು, ಚಹಾದ ಬಿಸಿನೀರು ಸುರಿದರು. ಗುರಲಿಂಗಪ್ಪನ ಬೆರಳು ಸುಲಿಯಿತು, ಚೆನ್ನಯನ ಅಂಗಿಯ ಎರಡು ಗುಂಡಿ ಹಾರಿದವು.

ಮೇಲಿನ ಗ್ಯಾಲರಿಯಿಂದ ಚೆನ್ನಯನ ಹೆಂಡತಿ ಚಂಪಾ ಕೂಗಿದಳು: "ಉಲ್ಟಾ ತಿರುಗಿಸಿ ಮಾರಾಯ್ರೆ! ಎಡಗಡೆ ಪೆಡಲು ಉಲ್ಟಾ ಬಿಚ್ಚುದು!"

"ಅಯ್ಯ, ನೀವು ಸುಮ್ನಿರ್ರಿ ಅಕ್ಕಾರ. ಇದು ಗಂಡಸರ ಕೆಲಸ" ಎಂದ ಗುರಲಿಂಗಪ್ಪ.

ಆ ಗಂಡಸರ ಕೆಲಸ ಊಟ ಬಿಟ್ಟು ಐದು ಗಂಟೆಯವರೆಗೂ ನಡೆಯಿತು. ಕಡೆಗೆ ಗುರಲಿಂಗಪ್ಪ ಎಣ್ಣೆಯ ಮೇಲೆ ಕಾಲು ಜಾರಿ ಇಕ್ಕಳದ ಸಮೇತ ಆಚೆ ಕಡೆಗೆ ಬಿದ್ದ. ಕಿರ್ರ್! ಬೋಲ್ಟು ಉಲ್ಟಾ ತಿರುಗಿತು. ಗಂಡಸರಿಬ್ಬರೂ ಗ್ಯಾಲರಿಯ ಕಡೆ ತಲೆ ಎತ್ತಲೇ ಇಲ್ಲ.

ಎರಡೇ ಮಿನಿಟಿನಲ್ಲಿ ಮುರುಕು ಪೆಡಲು ಕೈಗೆ ಬಂತು. ದೀಪ ಹಚ್ಚಲು ಇನ್ನೂ ಒಂದು ತಾಸಿತ್ತು. ಗುರಲಿಂಗಪ್ಪನಿಗೆ ಕುಣಿಯುವಷ್ಟು ಖುಷಿ. ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಾಗಿಲಲ್ಲೇ ಕೂಗಿದ: "ಗೆದ್ದೆ! ತಾ ಇಲ್ಲಿ ಹೊಸಾ ಪೆಡಲ್!"

ಶರಣವ್ವ ದೇವರ ಕಡೆ ಕೈ ತೋರಿಸಿದಳು. ಪಾನಾದ ಪಕ್ಕದಲ್ಲೇ ಹೊಸ ಪೆಡಲು ಹಣೆತುಂಬ ಕುಂಕುಮ ಹಚ್ಚಿಕೊಂಡು ಕೂತಿತ್ತು.

"ಹೊಸಾ ಕಬ್ಬಿಣ ಅಲ್ಲೇನ್ರಿ? ಜ್ವಾಕಿ ಇಡು ಅಂದ್ರಿ, ಇಟ್ಟೀನಿ."

ಗುರಲಿಂಗಪ್ಪ ಬಾಗಿಲಲ್ಲೇ ಕೂತ. ಅಷ್ಟರಲ್ಲಿ ಅವನಿಗೆ ಒಂದು ಆಸೆ ಚಿಗುರಿತು. "ಅಲ್ಲಾ, ಕಬ್ಬಿಣ ಎಲ್ಲಾ ಪೂಜಾಕ ಅಂದಮ್ಯಾಲೆ ರೊಟ್ಟಿ ಹಂಚೂ ಅಲ್ಲೇ ಇರಬೇಕಲ್ಲ? ಇವತ್ತಂತೂ ರೊಟ್ಟಿ ಬಡಿಯಾಕ ಬರಂಗಿಲ್ಲ."

"ನೀವು ಮುಂಜಾನೆ ಪಣಾ ಕಟ್ಟಿದ ಕೂಡಲೆ" ಎನ್ನುತ್ತ ಶರಣವ್ವ ಹಿಟ್ಟಿನ ಡಬ್ಬಿ ಮುಂದಿಟ್ಟಳು, "ಅದೊಂದನ್ನ ತಗದು ಹೊರಗ ಇಟ್ಟೀನ್ರಿ."