ಗಂಡು ಎಂಬಲ್ಲಿ ಹೆಣ್ಣು ಎಂದು ಓದಿಕೊಳ್ಳುವುದು

ನಾನು ಬೆಳಗ್ಗೆ ಐದೂ ಕಾಲಿಗೆ ಏಳುತ್ತೇನೆ. ಐದೂವರೆಗೆ ಸ್ನಾನ, ಆರಕ್ಕೆ ಲಿಂಗಪೂಜೆ, ಆರೂ ಮುಕ್ಕಾಲಿಗೆ ಚೆನ್ನೈನ ಪೋರೂರು ಕೆರೆಯ ಕಡೆ ವಾಯುವಿಹಾರ, ಸಂಜೆ ಐದೂವರೆಗೆ ಮತ್ತೊಮ್ಮೆ. ಯಾವ ಹಡಗು ಯಾವಾಗ ಬರುತ್ತದೆ, ಏನು ಹೊತ್ತು ತರುತ್ತದೆ ಎಂದು ಮೂವತ್ತನಾಲ್ಕು ವರ್ಷ ಬಂದರಿನ ಕಚೇರಿಯಲ್ಲಿ ಮುಂಚಿತವಾಗಿ ಪಟ್ಟಿ ಬರೆದವನು ನಾನು. ಹಡಗು ಬಂದ ಮೇಲೆ ತಡಬಡಾಯಿಸುವವರನ್ನು ಕಂಡರೆ ನನಗಾಗದು. ಆದ್ದರಿಂದ ಸೊಸೆ ರೇಖಾ ಬಸುರಿ ಎಂದು ತಿಳಿದ ದಿನವೇ ಒಂದು ಹೊಸ ಫೈಲು ತೆರೆದೆ. ಮೇಲೆ ದಪ್ಪಕ್ಷರದಲ್ಲಿ ಬರೆದೆ: ‘ಮೊಮ್ಮಗ’.

ಹೆಂಡತಿ ಗಿರಿಜಾ ಫೈಲನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

“ಗಂಡು ಅಂತ ನಿಮಗ ಯಾರು ಹೇಳಿದ್ರು? ಡಾಕ್ಟರೇ ಹೇಳಂಗಿಲ್ಲ.”

“ಲೆಕ್ಕ ಹೇಳಿತು. ನಮ್ಮಜ್ಜಗ ಮೊದಲನೇದು ಗಂಡು. ಅಪ್ಪಗ ಮೊದಲನೇದು ಗಂಡು, ಅದು ನಾನು. ನಮಗ ಮೊದಲನೇದು ಗಂಡು, ಅದು ಮಹೇಶ.”

“ಬಸ್ಸು ಮೂರು ದಿನ ಟೈಮಿಗೆ ಬಂತಂತ ನಾಕನೇ ದಿನಾನೂ ಬರ್ತದೇನು?”

ಅವಳಿಗೆ ವ್ಯವಸ್ಥೆಯ ಮಹತ್ವ ತಿಳಿಯದು. ನಾನು ಮುಂದುವರಿದೆ.

ಫೈಲಿನ ಮೊದಲ ಹಾಳೆ ಹೆಸರಿನದು. ನಮ್ಮ ತಂದೆ ಶಿವಲಿಂಗಪ್ಪನವರು ಚೆನ್ನೈನ ರಾಯಪುರದಲ್ಲಿ ಬ್ಯಾಡಗಿ ಮೆಣಸಿನಕಾಯಿ ಮಂಡಿ ಇಟ್ಟಿದ್ದರು. ಐವತ್ತು ವರ್ಷ, ಮಳೆಯಿರಲಿ ಗಾಳಿಯಿರಲಿ, ಆರು ಗಂಟೆಗೆ ಸರಿಯಾಗಿ ಅಂಗಡಿಯ ಬಾಗಿಲು ತೆಗೆದವರು. ಆ ಹೆಸರು ಮನೆಯಲ್ಲಿ ಮತ್ತೊಮ್ಮೆ ಕೇಳಬೇಕು ಎಂಬುದು ನನ್ನ ಬಹುಕಾಲದ ಆಸೆ.

ಎರಡನೆಯ ಹಾಳೆ ಕರಡಿಗೆಯದು. ನಮ್ಮಲ್ಲಿ ಮಗು ಹುಟ್ಟಿದ ಕೆಲವೇ ದಿನಗಳಲ್ಲಿ ಅದಕ್ಕೆ ಲಿಂಗ ಕಟ್ಟುತ್ತಾರೆ. ಆ ಲಿಂಗವನ್ನಿಡುವ ಪುಟ್ಟ ಬೆಳ್ಳಿಯ ಕರಡಿಗೆಯನ್ನು ರಾಯಪುರದ ಹಳೆಯ ಅಕ್ಕಸಾಲಿಯ ಬಳಿ ಮಾಡಿಸಿದೆ. ಮೇಲೆ ‘ಶಿವಲಿಂಗಪ್ಪ’ ಎಂದು ಕೆತ್ತಲು ಹೇಳಿದಾಗ ಅವನು ಉಳಿ ಕೆಳಗಿಟ್ಟು ಕೇಳಿದ.

“ಪೊಣ್ಣು ಪೊರಂದಾ, ಸಾರ್?”

ಹೆಣ್ಣು ಹುಟ್ಟಿದರೆ? ಪ್ರಶ್ನೆ ತಮಿಳಿನದು, ಆದರೆ ಧ್ವನಿ ನನ್ನ ಹೆಂಡತಿಯದೇ! ಸುಮ್ಮನೆ ಕೆತ್ತು ಎಂದೆ. ಕೆತ್ತಿದ.

ಮೂರನೆಯ ಹಾಳೆ ಅತಿ ಮುಖ್ಯವಾದದ್ದು. ಬ್ಯಾಡಗಿಯಿಂದ ಚೆನ್ನೈವರೆಗೆ ಹರಡಿಕೊಂಡ ನಮ್ಮ ನೂರ ಹನ್ನೆರಡು ನೆಂಟರು ಒಂದೇ ವಾಟ್ಸಾಪ್ ಗುಂಪಿನಲ್ಲಿದ್ದಾರೆ. ಅವರಿಗೆ ಕಳಿಸುವ ಸಂದೇಶವನ್ನು ಎರಡು ತಿಂಗಳು ಮೊದಲೇ ಫೋನಿನಲ್ಲಿ ಸಿದ್ಧಪಡಿಸಿದೆ: ‘ಸಮಯ ____. ತೂಕ ____. ಗಂಡು ಮಗು. ತಾಯಿ ಮಗು ಕ್ಷೇಮ.’ ಖಾಲಿ ಜಾಗ ತುಂಬಿ ಒತ್ತಿದರೆ ಮುಗಿಯಿತು. ಹಡಗು ಬಂತು ಎಂದು ತಿಳಿಸಲು ನಾವು ಬಳಸುತ್ತಿದ್ದುದೂ ಇಂಥದೇ ನಮೂನೆ.

ರೇಖಾಳ ಬಗ್ಗೆ ಇಲ್ಲೊಂದು ಮಾತು ಹೇಳಬೇಕು. ಚೆನ್ನೈನದೇ ತಿರುವೊಟ್ಟಿಯೂರಿನಲ್ಲಿ ಬೆಳೆದ ಹುಡುಗಿ. ತಂದೆ ಮೊದಲೇ ಇರಲಿಲ್ಲ. ತಾಯಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಹಾಗಾಗಿ ಹೆರಿಗೆ, ಬಾಣಂತನ ಎಲ್ಲ ನಮ್ಮ ಮನೆಯಲ್ಲೇ ಎಂದಾಯಿತು. ತವರಿಗೆ ಹೋಗಿ ಬೇಸರ ಹೇಳಿಕೊಳ್ಳೋಣವೆಂದರೆ ಅವಳಿಗೆ ತವರೇ ಇರಲಿಲ್ಲ. ಫೈಲಿನಲ್ಲಿ ಇದಕ್ಕೆ ನಾನು ಯಾವ ಹಾಳೆಯನ್ನೂ ಇಟ್ಟಿರಲಿಲ್ಲ.

ಹೆರಿಗೆಯ ದಿನ ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ ನರ್ಸು ಹೊರಗೆ ಬಂದಳು.

“ಪೊಣ್ಣು ಪೊರಂದಿರುಕ್ಕು, ಸಾರ್!” ಎಂದು ನಕ್ಕಳು. ಒಂಬತ್ತು ನಲವತ್ತೆರಡಕ್ಕೆ, ಮೂರು ಕಿಲೋ ಎಂದೂ ಹೇಳಿದಳು.

ಹೆಣ್ಣು ಎಂಬ ಮಾತು ಕಿವಿಗೆ ಬಿತ್ತು. ಬಿದ್ದದ್ದು ತಲೆಯವರೆಗೆ ಹೋಗಲಿಲ್ಲ. ನನ್ನೊಳಗೆ ಏನೋ ನಿಂತುಹೋದಂತಾಯಿತು. ಆದರೆ ಅಭ್ಯಾಸವಾದ ಬೆರಳು ನಿಲ್ಲಲಿಲ್ಲ. ಸಮಯ ತುಂಬಿತು. ತೂಕ ತುಂಬಿತು. ಒತ್ತಿತು!

ಲಿಫ್ಟಿನಲ್ಲಿ ಕೆಳಗಿಳಿಯುವಷ್ಟರಲ್ಲಿ ಅಭಿನಂದನೆಗಳು ಸುರಿಯತೊಡಗಿದವು. ‘ಶಿವಲಿಂಗಪ್ಪಜ್ಜ ಮತ್ತ ಬಂದ’ ಎಂದು ಬ್ಯಾಡಗಿಯಿಂದ ತಂಗಿ ಬರೆದಳು. ಹೆಣ್ಣೆಂದು ಮಹೇಶನಿಂದ ಆಗಲೇ ತಿಳಿದು ಕೆಳಗೆ ಕಾಫಿ ಕೊಳ್ಳುತ್ತಿದ್ದ ಗಿರಿಜಾ ತನ್ನ ಫೋನನ್ನು ನನ್ನ ಮೂಗಿನ ಹತ್ತಿರ ತಂದಳು.

“ಏನ್ರೀ ಇದು? ಒಳಗ ಹೋಗಿ ಕೂಸನ್ನ ಬದಲಿ ಮಾಡಿಸ್ಕೊಂಡು ಬಂದ್ರೇನು?”

ತಪ್ಪು ಆದಾಗ ತಿದ್ದುಪಡಿ ಹೊರಡಿಸುವುದು ನಿಯಮ. ಮೂವತ್ತನಾಲ್ಕು ವರ್ಷ ನೂರಾರು ತಿದ್ದುಪಡಿ ಬರೆದ ಕೈ ಇದು. ನಿಂತಲ್ಲೇ ಬರೆದೆ: ‘ತಿದ್ದುಪಡಿ. ಮೇಲಿನ ಸಂದೇಶದಲ್ಲಿ ಗಂಡು ಎಂಬಲ್ಲಿ ಹೆಣ್ಣು ಎಂದು ಓದಿಕೊಳ್ಳುವುದು. ಆಗಿರುವ ಅನನುಕೂಲಕ್ಕಾಗಿ ವಿಷಾದಿಸುತ್ತೇವೆ.’

ಕಳಿಸಿದ ಮೇಲೆ ಒಮ್ಮೆ ಓದಿದೆ. ಕಳಿಸುವ ಮೊದಲು ಓದಬೇಕಿತ್ತು.

ನೆಂಟರು ಒಳ್ಳೆಯವರು. ನಾನು ವಿಷಾದಿಸಿದ ಮೇಲೆ ಅವರೂ ವಿಷಾದಿಸದೆ ಇರುತ್ತಾರೆಯೇ? ‘ಧೈರ್ಯ ತಂದುಕೊಳ್ಳಿ’ ಎಂದರು ಒಬ್ಬರು. ‘ಪರವಾಗಿಲ್ಲ, ಮುಂದಿನದು ಗಂಡಾಗಲಿ’ ಎಂದು ಹನ್ನೊಂದು ಜನ. ದೂರದ ಸೋದರಮಾವನೊಬ್ಬರು ಏನೂ ಬರೆಯದೆ ಕೈಮುಗಿದ ಚಿತ್ರವನ್ನಷ್ಟೇ ಕಳಿಸಿದರು. ಸಾವಿನ ಮನೆಗೆ ಕಳಿಸುವಂಥದ್ದು!

ಆ ಗುಂಪಿನಲ್ಲಿ ರೇಖಾಳೂ ಇದ್ದಾಳೆ ಎಂಬುದು ನನಗೆ ನೆನಪಾದದ್ದು ವಾರ್ಡಿನ ಬಾಗಿಲು ತೆರೆದಾಗ. ಅವಳ ದಿಂಬಿನ ಪಕ್ಕದಲ್ಲಿ ಫೋನು ಬೆಳಗುತ್ತಿತ್ತು. ಮಗು ಅವಳ ಮಗ್ಗುಲಲ್ಲಿತ್ತು. ಮಹೇಶ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದ. ರೇಖಾ ಮಗುವನ್ನು ಅತ್ತೆಯ ಕೈಗೆ ಕೊಟ್ಟಳು. ನಾನೂ ಕೈ ಚಾಚಿದೆ.

“ಬೇಡ ಮಾವ. ನಿಮ್ಗೆ ಅನನುಕೂಲ ಆಗತ್ತೆ” ಎಂದಳು.

ಗಟ್ಟಿಯಾಗಿ ಹೇಳಲಿಲ್ಲ. ಗಟ್ಟಿಯಾಗಿ ಹೇಳಿದ್ದರೆ ಚೆನ್ನಾಗಿತ್ತು.

ಮನೆಗೆ ಬಂದ ಮೇಲೂ ಅಷ್ಟೇ. ಕೇಳಿದ್ದಕ್ಕೆ ಉತ್ತರ, ಹೊತ್ತಿಗೆ ಸರಿಯಾಗಿ ‘ಕಾಫಿ ಆಯ್ತಾ ಮಾವ’. ಆದರೆ ನಾನು ಕೋಣೆಗೆ ಕಾಲಿಟ್ಟರೆ ಮಗುವಿಗೆ ಹಸಿವಾಗುತ್ತಿತ್ತು, ಇಲ್ಲವೇ ನಿದ್ದೆ ಬರುತ್ತಿತ್ತು. ಮೊಮ್ಮಗಳನ್ನು ನಾನು ದಿನವೂ ನೋಡುತ್ತಿದ್ದೆ, ಬಂದರಿಗೆ ಬಾರದೆ ದೂರದಲ್ಲಿ ಲಂಗರು ಹಾಕಿದ ಹಡಗನ್ನು ನೋಡುವ ಹಾಗೆ.

“ನಿಮಗ ಗಂಡು ಬೇಕಿತ್ತು. ನನಗ ಹೆಣ್ಣು ಬೇಕಿತ್ತು” ಎಂದಳು ಗಿರಿಜಾ, ಮಗುವಿನ ಬಟ್ಟೆ ಮಡಿಸುತ್ತ. “ಎರಡು ಗಂಡು ಸಾಕಿ ಸಾಕಾಗೇದ. ಒಂದು ಹಡೆದದ್ದು, ಒಂದು ಕಟ್ಟಿಕೊಂಡದ್ದು.”

“ಅಪ್ಪನ ಹೆಸರು...” ಎಂದು ಶುರು ಮಾಡಿದೆ.

“ಮಾವನವರು ಆರಕ್ಕ ಅಂಗಡಿ ತೆಗೀತಿದ್ರು, ಖರೇ. ಅವರನ್ನ ಐದಕ್ಕ ಎಬ್ಬಿಸ್ತಿದ್ದವರು ಯಾರು? ಅತ್ತಿ ಹೆಸರು ಎಲ್ಲಿ ಕೆತ್ತಿಸೀರಿ?”

ನನ್ನ ಬಳಿ ಆ ಹಾಳೆಯೂ ಇರಲಿಲ್ಲ.

ಕರಡಿಗೆಯನ್ನಾದರೂ ಸರಿಪಡಿಸೋಣವೆಂದು ರಾಯಪುರಕ್ಕೆ ಹೋದೆ. ಅಕ್ಕಸಾಲಿ ಹೆಸರನ್ನು ನೋಡಿದ, ನನ್ನನ್ನು ನೋಡಿದ. ಉಜ್ಜಿದರೆ ತಗಡು ತೆಳುವಾಗುತ್ತದೆ, ಹಾಗೇ ಬಿಡಿ ಎಂದ. ಅಂದೇ ಕೇಳಿದ್ದೆನಲ್ಲ ಎಂದು ಬಾಯಿಬಿಟ್ಟು ಹೇಳಲಿಲ್ಲ, ದೊಡ್ಡ ಮನುಷ್ಯ. ನಾನು ಬಿಡುವವನೇ? ಮನೆಗೆ ಬಂದು ಉಪ್ಪುಕಾಗದ ತೆಗೆದುಕೊಂಡು ಹತ್ತರಿಂದ ಹನ್ನೊಂದರವರೆಗೆ ಕ್ರಮಬದ್ಧವಾಗಿ ಉಜ್ಜಿದೆ. ಬೆಕ್ಕು ಪರಚಿದಂತಾಯಿತು. ‘ಶಿವಲಿಂಗ’ ಅಳಿಸಿಹೋಯಿತು. ‘ಪ್ಪ’ ಮಾತ್ರ ಅಲುಗಾಡಲಿಲ್ಲ!

ತೊಟ್ಟಿಲ ದಿನ ಲಿಂಗ ಕಟ್ಟಲು ಅಯ್ಯನವರು ಬಂದರು. ತಟ್ಟೆಯಲ್ಲಿದ್ದ ಕರಡಿಗೆಯನ್ನು ಬೆಳಕಿಗೆ ಹಿಡಿದು ತಿರುಗಿಸಿದರು.

“ಇದೇನ್ರೀ, ಯಾವುದೋ ಯುದ್ಧದಾಗಿಂದ ಬಂದಂಗೈತಿ?”

ಗಿರಿಜಾ ಮಾತಾಡಿದಳು. ಫೈಲಿನಿಂದ ಉಪ್ಪುಕಾಗದದವರೆಗೆ ಒಂದನ್ನೂ ಬಿಡದೆ ಹೇಳಿದಳು. ಅಯ್ಯನವರು ನಗಲಿಲ್ಲ. ಕರಡಿಗೆಯನ್ನು ತಟ್ಟೆಗೆ ಹಾಕಿ ಒಂದು ಬಿಳಿ ಬಟ್ಟೆ ತರಿಸಿದರು.

“ಯಜಮಾನರ, ದಿನಾ ಆರಕ್ಕ ಪೂಜಿ ಮಾಡ್ತೀರಲ್ಲ. ಅಂಗೈಮ್ಯಾಗಿನ ಲಿಂಗ ಎಂದಾದರೂ ನೀವು ಗಂಡೋ ಹೆಣ್ಣೋ ಅಂತ ಕೇಳೇತೇನು?”

ಲಿಂಗವನ್ನು ಆ ಬಿಳಿ ಬಟ್ಟೆಯಲ್ಲಿ ಸುತ್ತಿ ಮಗುವಿಗೆ ಕಟ್ಟಿದರು. ನನಗೂ ಅಪ್ಪನಿಗೂ ಹೀಗೆಯೇ ಕಟ್ಟಿರಬೇಕು. ಬೆಳ್ಳಿ ಆಮೇಲೆ ಬಂದದ್ದು. ಮಗುವಿಗಿಟ್ಟ ಹೆಸರು ರೇಖಾಳ ತಾಯಿಯದು, ಅನ್ನಪೂರ್ಣ. ನನ್ನನ್ನು ಯಾರೂ ಕೇಳಲಿಲ್ಲ. ಕೇಳಬೇಕೆಂದು ನನಗೂ ಅನಿಸಲಿಲ್ಲ.

ಅಯ್ಯನವರು ಹೋದ ಮೇಲೆ ನಾನು ಕೋಣೆಯ ಬಾಗಿಲಲ್ಲಿ ನಿಂತೆ.

“ರೇಖಾ, ತಪ್ಪು ನಮೂನೆಯಲ್ಲಿತ್ತಮ್ಮ.”

“ನಮೂನೇಲಿ ಅಲ್ಲ ಮಾವ. ಒಂದು ಕೇಳ್ತೀನಿ, ನಿಜ ಹೇಳಿ. ನಿಮ್ಗೆ ಬೇಜಾರಾಯ್ತಾ, ಇಲ್ವಾ?”

ಸುಳ್ಳು ಹೇಳಲು ಅದು ಸೂಕ್ತ ಸಮಯವಾಗಿತ್ತು. ಆದರೆ ದಾಖಲೆ ಸರಿಯಾಗಿರಬೇಕು.

“ಆಯಿತು.”

“ಎಷ್ಟು ಹೊತ್ತು?”

“ಮೂರನೇ ಮಹಡಿಯಿಂದ ನೆಲಮಹಡಿಯವರೆಗೆ.”

“ಲಿಫ್ಟಾ, ಮೆಟ್ಟಿಲಾ?”

“ಲಿಫ್ಟು. ಆಮೇಲೆ ಆದ ಬೇಜಾರೆಲ್ಲ ನನ್ನ ಮೇಲೇನೇ ತಾಯಿ.”

ಅವಳು ಮಂಚದ ತುದಿ ತೋರಿಸಿ ಕೂತುಕೊಳ್ಳಲು ಹೇಳಿ, ಮಗುವನ್ನು ನನ್ನ ತೊಡೆಯ ಮೇಲಿಟ್ಟಳು. ಹಗುರ ಅಂದುಕೊಂಡಿದ್ದೆ. ಇರಲಿಲ್ಲ. ಅಲುಗಾಡಿದರೆ ಎಲ್ಲಿ ವಾಪಸು ತೆಗೆದುಕೊಳ್ಳುತ್ತಾಳೋ ಎಂದು ಉಸಿರು ಬಿಗಿಹಿಡಿದು ಕೂತೆ.

“ಫೋನ್ ಕೊಡಿ ಇಲ್ಲಿ. ಇನ್ನೊಂದು ತಿದ್ದುಪಡಿ ಬಾಕಿ ಇದೆ” ಎಂದು ತಾನೇ ಟೈಪು ಮಾಡಿ ನನಗೆ ತೋರಿಸಿದಳು: ‘ಹೆಣ್ಣು ಮಗು. ಹೆಸರು ಅನ್ನಪೂರ್ಣ. ತಾಯಿ ಮಗು ಕ್ಷೇಮ. ಅಜ್ಜ ಸುಧಾರಿಸಿಕೊಳ್ಳುತ್ತಿದ್ದಾರೆ.’

ಕಳಿಸುವ ಮೊದಲು ಈ ಸಲ ಎರಡು ಬಾರಿ ಓದಿದೆ. ತಿದ್ದುವಂಥದ್ದೇನೂ ಇರಲಿಲ್ಲ. ಒತ್ತಿದೆ.

ಎರಡು ನಿಮಿಷದೊಳಗೆ ಬ್ಯಾಡಗಿಯ ತಂಗಿಯ ಫೋನು.

“ಅಣ್ಣಾ, ನಿನಗೇನಾಗೇತೋ? ಏನ್ ಜಡ್ಡು?”

“ಹಳೇದು ತಂಗಿ” ಎಂದೆ. “ಅಪ್ಪನ ಕಾಲದ್ದು.”

“ಅಯ್ಯ ಶಿವನೇ! ಡಾಕ್ಟರ್ ಏನಂದ್ರು?”

ಹಿಂದಿನಿಂದ ಗಿರಿಜಾ ಫೋನಿಗೆ ಕೇಳುವಂತೆ ಕೂಗಿದಳು: “ಮೂರು ಕಿಲೋದ ಡಾಕ್ಟರು! ಉಚ್ಚಿ ಹೊಯ್ದು ಮಲಗ್ಯಾರ. ಎದ್ದ ಮ್ಯಾಲೆ ಹೇಳ್ತಾರಂತ!”

ನಾನು ನೋಡಿದ್ದೇ ಆಗ. ಪಂಚೆ ಪೂರ್ತಿ ಒದ್ದೆಯಾಗಿತ್ತು. ಸಂಜೆಯ ವಾಯುವಿಹಾರದ ಹೊತ್ತು ಮೀರಿ ಇಪ್ಪತ್ತು ನಿಮಿಷವಾಗಿತ್ತು. ನಾನು ಕದಲಲಿಲ್ಲ.